ಸರ್ವರ ಸೋದರ ಸಂತ ಚಾರ್ಲ್ಸ್ ದ ಫೂಕೋ

ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸಿದಾಗ ಹಳೆಯ ದಾಖಲೆ ಪುಸ್ತಕಗಳನ್ನು ತೆರೆದು ನೋಡುವುದು ವಾಡಿಕೆ. ಎಷ್ಟು ಮಂದಿ ಜ್ಞಾನಸ್ನಾನ ಪಡೆದರು, ಎಷ್ಟು ವಿವಾಹಗಳು ನೆರವೇರಿದವು, ಎಷ್ಟು ಮಂದಿ ಗುರುಗಳೂ ಕನ್ಯಾಸ್ತ್ರೀಯರೂ ಈ ಮಡಿಲಿನಿಂದ ಹೊರಟು ದೇವರ ಸೇವೆಗೆ ಮುಡಿಪಾದರು ಎಂದು ಎಣಿಸಿ ಸಂತೋಷಪಡುತ್ತೇವೆ. ಆ ಸಂತೋಷ ನ್ಯಾಯವಾದುದೇ. ಆದರೆ ಧರ್ಮಸಭೆಯ ಸಂತರ ಸಾಲಿನಲ್ಲಿ ಒಬ್ಬರಿದ್ದಾರೆ. ಅವರ ಸೇವೆಯನ್ನು ಇಂಥ ದಾಖಲೆ ಪುಸ್ತಕದಲ್ಲಿ ಬರೆದಿಟ್ಟಿದ್ದರೆ ಅದರ ಪುಟಗಳು ಬಹುಪಾಲು ಖಾಲಿಯಾಗಿಯೇ ಉಳಿಯುತ್ತಿದ್ದವು. ಆಫ್ರಿಕಾದ ಸಹಾರಾ ಮರಳುಗಾಡಿನಲ್ಲಿ ಹದಿನೈದು ವರ್ಷ ಮುಸಲ್ಮಾನರ ನಡುವೆ ಬಾಳಿದ ಈ ಗುರುಗಳು ಅಲ್ಲಿ ಕಟ್ಟಿದ್ದು ಮಣ್ಣಿನ ಗುಡಿಸಲನ್ನು, ಗಳಿಸಿದ್ದು ನೆರೆಹೊರೆಯವರ ಸ್ನೇಹವನ್ನು. ತಮ್ಮೊಡನೆ ಸನ್ಯಾಸಿಯಾಗಿ ನೆಲೆಸಬಲ್ಲ ಒಬ್ಬನೇ ಒಬ್ಬ ಶಿಷ್ಯನೂ ಅವರಿಗೆ ದಕ್ಕಲಿಲ್ಲ. ಹಾಗಿದ್ದರೂ 2022ರ ಮೇ 15ರಂದು ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. ಅವರೇ ಫ್ರಾನ್ಸ್ ದೇಶದ ಚಾರ್ಲ್ಸ್ ದ ಫೂಕೋ.

ದೇವರನ್ನು ಮರೆತ ನಾಡಿನಲ್ಲಿ ವಿಶ್ವಾಸವನ್ನು ಕಳೆದುಕೊಂಡು, ಮುಸಲ್ಮಾನರ ಪ್ರಾರ್ಥನೆಯನ್ನು ಕಂಡು ಮನಕಲಕಿ, ಕೊನೆಗೆ ಯೇಸುಸ್ವಾಮಿಯ ಪಾದಕ್ಕೆ ಮರಳಿ ಬಂದ ಈ ಮಹನೀಯರ ಬಾಳು ಇಂದಿನ ನಮಗೆ ಹಲವು ವಿಧದಲ್ಲಿ ದಾರಿದೀಪವಾಗಬಲ್ಲದು.

ತಬ್ಬಲಿ ಬಾಲಕ, ದಾರಿತಪ್ಪಿದ ಯುವಕ

ಚಾರ್ಲ್ಸ್ ಹುಟ್ಟಿದ್ದು 1858ರ ಸೆಪ್ಟೆಂಬರ್ 15ರಂದು, ಫ್ರಾನ್ಸಿನ ಪೂರ್ವದ ಗಡಿಯಲ್ಲಿರುವ ಸ್ಟ್ರಾಸ್‌ಬರ್ಗ್ ನಗರದಲ್ಲಿ. ಮನೆತನ ಪ್ರತಿಷ್ಠಿತವಾದುದು, ದೈವಭಕ್ತಿಯಿಂದ ಕೂಡಿದುದು. ಆದರೆ ಬಾಲಕನಿಗೆ ಆರು ವರ್ಷ ತುಂಬುವ ಮೊದಲೇ, 1864ನೆಯ ಒಂದೇ ವರ್ಷದಲ್ಲಿ, ತಾಯಿಯೂ ತಂದೆಯೂ ತೀರಿಕೊಂಡರು. ಚಾರ್ಲ್ಸನನ್ನೂ ಅವನ ಪುಟ್ಟ ತಂಗಿ ಮರಿಯಳನ್ನೂ ತಾಯಿಯ ತಂದೆ ಸಾಕಿದರು. ಸೈನ್ಯದಲ್ಲಿ ಕರ್ನಲ್ ಆಗಿದ್ದ ಈ ತಾತ ಮೊಮ್ಮಕ್ಕಳ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದರು. 1870ರ ಯುದ್ಧದಲ್ಲಿ ಜರ್ಮನರು ಫ್ರಾನ್ಸನ್ನು ಸೋಲಿಸಿ ಸ್ಟ್ರಾಸ್‌ಬರ್ಗನ್ನು ವಶಪಡಿಸಿಕೊಂಡಾಗ ಕುಟುಂಬ ಹುಟ್ಟೂರನ್ನು ತೊರೆದು ನಾನ್ಸಿ ನಗರಕ್ಕೆ ಬಂದು ನೆಲೆಸಿತು. ಅಲ್ಲಿ 1872ರ ಏಪ್ರಿಲ್ 28ರಂದು ಚಾರ್ಲ್ಸ್ ಮೊದಲ ಪರಮಪ್ರಸಾದವನ್ನು ಸ್ವೀಕರಿಸಿದನು.

ಅದು ಫ್ರಾನ್ಸ್ ದೇಶ ಧರ್ಮದಿಂದ ದೂರ ಸರಿಯುತ್ತಿದ್ದ ಕಾಲ. ದೇವರಿದ್ದಾನೆಂದು ನಂಬುವುದು ವಿದ್ಯಾವಂತರಿಗೆ ತಕ್ಕುದಲ್ಲವೆಂಬ ಭಾವನೆ ಶಾಲೆ ಕಾಲೇಜುಗಳಲ್ಲಿ ಹರಡಿತ್ತು. 1880ರ ದಶಕದಲ್ಲಿ ಸರಕಾರೀ ಶಾಲೆಗಳಿಂದ ಧರ್ಮಬೋಧೆಯನ್ನು ತೆಗೆದುಹಾಕಲಾಯಿತು. ಹಲವು ಸನ್ಯಾಸ ಸಂಸ್ಥೆಗಳು ದೇಶಬಿಟ್ಟು ಹೋಗಬೇಕಾಯಿತು. 1905ರಲ್ಲಿ ರಾಜ್ಯವನ್ನೂ ಧರ್ಮಸಭೆಯನ್ನೂ ಬೇರ್ಪಡಿಸುವ ಶಾಸನವೂ ಬಂತು. ಈ ಗಾಳಿ ಬಾಲಕ ಚಾರ್ಲ್ಸನನ್ನೂ ಸೋಕದೆ ಬಿಡಲಿಲ್ಲ. ಸಿಕ್ಕ ಸಿಕ್ಕ ಪುಸ್ತಕಗಳನ್ನೆಲ್ಲ ಓದುತ್ತ, ಯಾವುದೂ ನಿಶ್ಚಯವಿಲ್ಲವೆಂದುಕೊಳ್ಳುತ್ತ, ಹದಿನಾರರ ವಯಸ್ಸಿಗೆಲ್ಲ ಅವನು ವಿಶ್ವಾಸವನ್ನು ಪೂರ್ತಿಯಾಗಿ ಕಳೆದುಕೊಂಡನು. ಪ್ಯಾರಿಸಿನಲ್ಲಿ ಯೇಸುಸಭೆಯ ಗುರುಗಳು ನಡೆಸುತ್ತಿದ್ದ ಶಾಲೆಯಿಂದ ಸೋಮಾರಿತನಕ್ಕಾಗಿ ಹೊರಬಿದ್ದನು. ಹಾಗೂ ಹೀಗೂ 1876ರಲ್ಲಿ ಸೇಂಟ್ ಸೀರ್ ಸೈನಿಕ ವಿದ್ಯಾಲಯಕ್ಕೆ ಸೇರಿದನು. 1878ರಲ್ಲಿ ತಾತನೂ ತೀರಿಕೊಂಡರು. ತಡೆಯುವ ಕೈ ಇಲ್ಲದಾಯಿತು. ಕೈಗೆ ದೊಡ್ಡ ಆಸ್ತಿ ಬಂತು. ಮೃಷ್ಟಾನ್ನ, ಮದ್ಯ, ಜೂಜು, ದುಷ್ಟ ಸಹವಾಸಗಳಲ್ಲಿ ಹಣ ನೀರಿನಂತೆ ಹರಿಯಿತು. ಸೋಮ್ಯೂರಿನ ಅಶ್ವದಳದ ಶಾಲೆಯಲ್ಲಿ 87 ಮಂದಿ ವಿದ್ಯಾರ್ಥಿಗಳ ಪೈಕಿ ಅವನದು 87ನೆಯ ಸ್ಥಾನ. ಸೈನ್ಯದ ಅಧಿಕಾರಿಯಾಗಿ ಅಲ್ಜೀರಿಯಾಕ್ಕೆ ಹೋದಾಗ, ಮದುವೆಯಿಲ್ಲದೆ ಹೆಂಗಸೊಬ್ಬಳನ್ನು ತನ್ನೊಡನೆ ಇರಿಸಿಕೊಂಡಿದ್ದನು; ಅವಳನ್ನು ಕಳುಹಿಸಿಬಿಡೆಂದು ಮೇಲಧಿಕಾರಿಗಳು ಹೇಳಿದರೂ ಕೇಳದೆ 1881ರಲ್ಲಿ ಹುದ್ದೆಯಿಂದ ದೂರವಾದನು.

ಆದರೆ ತನ್ನ ದಳದ ಗೆಳೆಯರು ಅಲ್ಜೀರಿಯಾದ ದಂಗೆಯೊಂದನ್ನು ಎದುರಿಸುತ್ತಿದ್ದಾರೆಂದು ತಿಳಿದ ಕೂಡಲೇ ಭೋಗಜೀವನವನ್ನು ಬಿಟ್ಟು ಅವರನ್ನು ಕೂಡಿಕೊಂಡನು. ಹಸಿವು, ಬಾಯಾರಿಕೆ, ಮರಳುಗಾಡಿನ ಬಿಸಿಲುಗಳನ್ನು ಗೊಣಗದೆ ಸಹಿಸಿದನು. ಸೋಮಾರಿಯೆನಿಸಿಕೊಂಡವನೊಳಗೆ ಉಕ್ಕಿನಂಥ ಮನುಷ್ಯನೊಬ್ಬ ಅಡಗಿದ್ದುದು ಆಗ ಎಲ್ಲರಿಗೂ ಗೋಚರಿಸಿತು.

ಬೇರೆಯವರ ಪ್ರಾರ್ಥನೆ ಕಲಿಸಿದ ಪಾಠ

1882ರಲ್ಲಿ ಚಾರ್ಲ್ಸ್ ಸೈನ್ಯಕ್ಕೆ ರಾಜೀನಾಮೆ ಕೊಟ್ಟರು. ಆ ಕಾಲದಲ್ಲಿ ಮೊರಾಕ್ಕೊ ದೇಶದ ಒಳನಾಡು ಯೂರೋಪಿನ ಕ್ರೈಸ್ತರಿಗೆ ಮುಚ್ಚಿದ ಬಾಗಿಲಾಗಿತ್ತು. ಅದನ್ನು ಸಂಚರಿಸಿ ನೋಡಬೇಕೆಂದು ಅವರು ಅರಬ್ಬಿ ಮತ್ತು ಹೀಬ್ರೂ ಭಾಷೆಗಳನ್ನು ಕಲಿತರು. ಯೆಹೂದ್ಯ ಧರ್ಮಗುರುವಿನ ವೇಷ ಧರಿಸಿ, ಮಾರ್ದೊಷೆ ಎಂಬ ನಿಜವಾದ ಯೆಹೂದ್ಯ ಗುರುವನ್ನು ಜೊತೆಗೆ ಕರೆದುಕೊಂಡು 1883ರ ಜೂನ್ ತಿಂಗಳಲ್ಲಿ ಹೊರಟರು. ಅಂಗೈಯಲ್ಲಿ ಮರೆಯಾಗುವಷ್ಟು ಚಿಕ್ಕ ಪುಸ್ತಕದಲ್ಲಿ, ಪೆನ್ಸಿಲಿನ ಚೂರಿನಿಂದ, ನಡೆದ ದಾರಿಯ ವಿವರಗಳನ್ನೆಲ್ಲ ಗುಟ್ಟಾಗಿ ಬರೆದುಕೊಂಡರು. ಗುರುತು ಬಯಲಾದರೆ ಸಾವೇ ಗತಿ. ಸುಮಾರು ಹನ್ನೊಂದು ತಿಂಗಳ ಬಳಿಕ, 1884ರ ಮೇ ತಿಂಗಳಲ್ಲಿ, ಜೀವಸಹಿತ ಮರಳಿದರು. ಯೂರೋಪಿಗೆ ಅದುವರೆಗೆ ಗೊತ್ತಿಲ್ಲದ ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದಾರಿಗಳನ್ನು ಅವರು ನಕ್ಷೆಗೆ ಇಳಿಸಿದ್ದರು. 1885ರಲ್ಲಿ ಪ್ಯಾರಿಸಿನ ಭೂಗೋಳ ಸಂಘ ಅವರಿಗೆ ಚಿನ್ನದ ಪದಕವನ್ನಿತ್ತು ಸನ್ಮಾನಿಸಿತು. ಅಂದಿನ ಸೋಮಾರಿ ಇಂದು ನಾಡಿನ ಹೆಮ್ಮೆಯ ವಿದ್ವಾಂಸರಾಗಿದ್ದರು.

ಆದರೆ ಆ ಪಯಣದಿಂದ ಅವರು ತಂದುದು ನಕ್ಷೆಗಳನ್ನು ಮಾತ್ರವಲ್ಲ, ಮನಸ್ಸಿನೊಳಗೊಂದು ಕಳವಳವನ್ನೂ ತಂದಿದ್ದರು. ಉತ್ತರ ಆಫ್ರಿಕಾದಲ್ಲಿ ಅವರು ಕಂಡ ಮುಸಲ್ಮಾನರು ದಿನಕ್ಕೆ ಐದು ಬಾರಿ ಕೆಲಸವನ್ನು ನಿಲ್ಲಿಸಿ ದೇವರಿಗೆ ತಲೆಬಾಗುತ್ತಿದ್ದರು. ಸಂತೆಯಲ್ಲಾಗಲಿ, ದಾರಿಯಲ್ಲಾಗಲಿ, ಒಂಟೆಗಳ ಪಕ್ಕದಲ್ಲಾಗಲಿ, ಯಾರು ನೋಡುತ್ತಾರೆಂಬ ಸಂಕೋಚ ಅವರಿಗಿರಲಿಲ್ಲ. ಬಡವನೂ ಸಿರಿವಂತನೂ ಒಂದೇ ಸಾಲಿನಲ್ಲಿ ಮಂಡಿಯೂರುತ್ತಿದ್ದರು. ಹಾಗೆ ದೇವರ ಸಾನ್ನಿಧ್ಯದಲ್ಲಿ ಬಾಳುವವರನ್ನು ಕಂಡಾಗ, ಲೋಕದ ವ್ಯವಹಾರಗಳಿಗಿಂತ ದೊಡ್ಡದೂ ಸತ್ಯವಾದುದೂ ಇನ್ನೇನೋ ಇದೆಯೆಂಬ ಅರಿವು ತಮ್ಮೊಳಗೆ ಮೂಡಿತೆಂದು ಚಾರ್ಲ್ಸ್ ಮುಂದೆ ಗೆಳೆಯರೊಬ್ಬರಿಗೆ 1901ರಲ್ಲಿ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾರೆ. ಒಂದು ಕಾಲಕ್ಕೆ ಇಸ್ಲಾಂ ಅವರನ್ನು ಬಲವಾಗಿ ಸೆಳೆದದ್ದೂ ಉಂಟು.

ಇದು ನಾವು ನಿಂತು ಯೋಚಿಸಬೇಕಾದ ಸಂಗತಿ. ಕ್ರೈಸ್ತ ನಾಡಿನಲ್ಲಿ ಹುಟ್ಟಿ, ಕ್ರೈಸ್ತ ಶಾಲೆಗಳಲ್ಲಿ ಓದಿ, ದೇವರನ್ನು ಕಳೆದುಕೊಂಡ ಯುವಕನಿಗೆ ದೇವರ ನೆನಪನ್ನು ಮರಳಿ ತಂದುಕೊಟ್ಟವರು ಮುಸಲ್ಮಾನರು. ಅವರು ಅವನೊಡನೆ ವಾದಮಾಡಲಿಲ್ಲ. ಅವನೆದುರು ಪ್ರಾರ್ಥಿಸಿದರು, ಅಷ್ಟೆ.

ಮನೆಗೆ ಮರಳಿದ ಮಗ

1886ರಲ್ಲಿ ಚಾರ್ಲ್ಸ್ ಪ್ಯಾರಿಸಿಗೆ ಬಂದರು. ಅಲ್ಲಿ ಸೋದರ ಸಂಬಂಧಿಯಾದ ಮರಿ ದ ಬೊಂಡಿ ಎಂಬ ಸಾಧ್ವಿ ಹಿರಿಯಕ್ಕನಂತೆ ಅವರನ್ನು ಆದರಿಸಿದರು. ಅವರ ಬುದ್ಧಿವಂತಿಕೆ, ಮೌನ, ಸೌಜನ್ಯಗಳನ್ನು ಕಂಡ ಚಾರ್ಲ್ಸ್, ಇಂಥವರು ನಂಬುವ ಧರ್ಮ ಬರಿಯ ಹುಚ್ಚಾಗಿರಲಾರದು ಎಂದು ಯೋಚಿಸತೊಡಗಿದರು. ಮೊದಲ ಪರಮಪ್ರಸಾದದ ದಿನ ಆಕೆ ಕಾಣಿಕೆಯಾಗಿ ಕೊಟ್ಟಿದ್ದ ಧರ್ಮಗ್ರಂಥವನ್ನು ಹುಡುಕಿ ತೆಗೆದು ಓದಿದರು. ನಂಬಿಕೆಯಿಲ್ಲದಿದ್ದರೂ ದೇವಾಲಯಗಳೊಳಗೆ ಗಂಟೆಗಟ್ಟಲೆ ಕುಳಿತು, ದೇವರು ಇದ್ದದ್ದೇ ಆದರೆ ತನ್ನನ್ನು ತಾನೇ ತೋರಿಸಿಕೊಡಲಿ ಎಂದು ಬೇಡಿಕೊಳ್ಳುತ್ತಿದ್ದರು.

ಅಕ್ಟೋಬರ್ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ಸಂತ ಅಗಸ್ಟೀನರ ದೇವಾಲಯಕ್ಕೆ ಹೋಗಿ, ಅಲ್ಲಿನ ಹೆನ್ರಿ ಉವ್ಲೆನ್ ಎಂಬ ಗುರುಗಳನ್ನು ಕಂಡರು. ತಮಗೆ ವಿಶ್ವಾಸವಿಲ್ಲವೆಂದೂ ಧರ್ಮದ ವಿಷಯವನ್ನು ತಿಳಿಯಲು ಬಂದಿರುವುದಾಗಿಯೂ ಹೇಳಿಕೊಂಡರು. ವಾದ ವಿವಾದಕ್ಕೆ ಇಳಿಯದ ಆ ಜ್ಞಾನಿಗಳು, ಮೊದಲು ಮಂಡಿಯೂರಿ ಪಾಪನಿವೇದನೆ ಮಾಡುವಂತೆ ಆಜ್ಞಾಪಿಸಿದರು. ಚಾರ್ಲ್ಸ್ ಹಾಗೆಯೇ ಮಾಡಿದರು. ಅಲ್ಲಿಂದಲೇ ಪರಮಪ್ರಸಾದವನ್ನು ಸ್ವೀಕರಿಸಲು ಕಳುಹಿಸಲಾಯಿತು. ಇಪ್ಪತ್ತೆಂಟು ವರ್ಷದ ಆ ಯುವಕ ಎದ್ದು ನಿಂತಾಗ ಹೊಸ ಮನುಷ್ಯನಾಗಿದ್ದನು. ದೇವರಿದ್ದಾನೆಂದು ನಂಬಿದ ಆ ಗಳಿಗೆಯಿಂದ ದೇವರಿಗಾಗಿ ಅಲ್ಲದೆ ಬೇರಾವುದಕ್ಕೂ ಬಾಳಲಾರೆನೆಂದು ಅವರಿಗೆ ಮನದಟ್ಟಾಯಿತು.

ನಜರೇತಿನ ಹಾದಿಯಲ್ಲಿ

ಉವ್ಲೆನ್ ಗುರುಗಳ ಸಲಹೆಯಂತೆ ಚಾರ್ಲ್ಸ್ 1888ರ ಕೊನೆಯಲ್ಲಿ ಪುಣ್ಯಭೂಮಿಗೆ ಯಾತ್ರೆ ಹೋದರು. ನಜರೇತಿನ ಬೀದಿಗಳಲ್ಲಿ ನಡೆದಾಡುವಾಗ ಒಂದು ಸತ್ಯ ಅವರ ಹೃದಯವನ್ನು ನಾಟಿತು. ಲೋಕವನ್ನು ಉದ್ಧರಿಸಲು ಬಂದ ದೇವಪುತ್ರರು ಮೂವತ್ತು ವರ್ಷ ಈ ಹಳ್ಳಿಯಲ್ಲಿ, ಯಾರ ಕಣ್ಣಿಗೂ ಬೀಳದೆ, ಬಡಗಿಯ ಕೆಲಸ ಮಾಡುತ್ತ, ನೆರೆಯವರಲ್ಲಿ ಒಬ್ಬರಾಗಿ ಬಾಳಿದರಲ್ಲವೇ! ಆ ಮರೆಯ ಬಾಳನ್ನೇ ತಾವೂ ಬಾಳಬೇಕೆಂದು ಚಾರ್ಲ್ಸ್ ಸಂಕಲ್ಪಿಸಿದರು.

1890ರ ಜನವರಿಯಲ್ಲಿ ಅವರು ಕಠೋರ ವ್ರತದ ಟ್ರಾಪಿಸ್ಟ್ ಸನ್ಯಾಸಿಗಳ ಮಠವನ್ನು ಸೇರಿದರು. ಅದೇ ವರ್ಷ ಸಿರಿಯಾ ನಾಡಿನ ಅಕ್ಬೆಸ್ ಎಂಬಲ್ಲಿನ ಬಡ ಮಠಕ್ಕೆ ತೆರಳಿದರು. ಫ್ರಾನ್ಸಿನಿಂದ ಹೊರಹಾಕಿದರೆ ಆಸರೆಗಿರಲೆಂದು ಸನ್ಯಾಸಿಗಳು ಕಟ್ಟಿಕೊಂಡಿದ್ದ ಮಠವದು. ಅಲ್ಲಿ ಒಂದು ದಿನ, ತೀರಿಕೊಂಡಿದ್ದ ಬಡ ಕ್ರೈಸ್ತ ಕೂಲಿಯೊಬ್ಬನ ಮನೆಗೆ ಪ್ರಾರ್ಥನೆಗಾಗಿ ಅವರನ್ನು ಕಳುಹಿಸಿದರು. ಆ ಗುಡಿಸಲಿನ ದಾರಿದ್ರ್ಯವನ್ನು ಕಂಡಾಗ, ಬಡತನದ ವ್ರತ ತೊಟ್ಟ ತಮ್ಮ ಮಠವೇ ಅದಕ್ಕೆ ಹೋಲಿಸಿದರೆ ಸಿರಿವಂತಿಕೆಯಾಗಿ ತೋರಿತು. ಏಳು ವರ್ಷಗಳ ತರುವಾಯ, ಮೇಲಧಿಕಾರಿಗಳ ಸಮ್ಮತಿ ಪಡೆದು ಮಠವನ್ನು ಬಿಟ್ಟು, 1897ರಲ್ಲಿ ನಜರೇತಿಗೆ ಹೋಗಿ ಸಂತ ಕ್ಲಾರಳ ಸಭೆಯ ಕನ್ಯಾಸ್ತ್ರೀಯರ ಮಠದಲ್ಲಿ ಆಳಾಗಿ ನಿಂತರು. ಉಪಕರಣಗಳನ್ನಿಡುವ ಹಲಗೆಯ ಕೊಠಡಿಯೇ ಅವರ ವಸತಿ. ಚಿನ್ನದ ಪದಕ ಪಡೆದ ವಿದ್ವಾಂಸರು ಅಂಚೆ ತರುತ್ತ, ಗುಡಿಯನ್ನು ಗುಡಿಸುತ್ತ, ಉಳಿದ ಹೊತ್ತಿನಲ್ಲಿ ಪರಮಪ್ರಸಾದದ ಮುಂದೆ ಮಂಡಿಯೂರುತ್ತ ಮೂರು ವರ್ಷ ಕಳೆದರು.

ಅಲ್ಲಿಯೇ ಅವರ ಧ್ಯಾನ ಇನ್ನೊಂದು ತಿರುವನ್ನು ಪಡೆಯಿತು. ನಜರೇತೆಂಬುದು ಒಂದು ಊರು ಮಾತ್ರವಲ್ಲ. ಅತಿ ದೀನರಾದವರು, ಯಾರೂ ಹೋಗದವರು ಎಲ್ಲಿದ್ದಾರೋ ಅಲ್ಲಿಯೇ ನಜರೇತನ್ನು ಬಾಳಬಹುದೆಂದು ಅವರಿಗೆ ಹೊಳೆಯಿತು. ಯೋಗ್ಯತೆಯಿಲ್ಲವೆಂದು ಅದುವರೆಗೆ ಹಿಂಜರಿದಿದ್ದ ಯಾಜಕ ದೀಕ್ಷೆಯನ್ನು 1901ರ ಜೂನ್ 9ರಂದು ಫ್ರಾನ್ಸಿನ ವಿವಿಯೆ ನಗರದಲ್ಲಿ ಸ್ವೀಕರಿಸಿದರು. ಯುವಕರಾಗಿದ್ದಾಗ ತಮಗೆ ದೇವರ ನೆನಪು ತಂದುಕೊಟ್ಟ ಜನರ ನಡುವೆಯೇ ಹೋಗಿ ನೆಲೆಸಲು ನಿರ್ಧರಿಸಿದರು.

ಸೋದರರ ಮನೆ

1901ರ ಅಕ್ಟೋಬರಿನಲ್ಲಿ ಪೂಜ್ಯ ಚಾರ್ಲ್ಸರು ಅಲ್ಜೀರಿಯಾದ ದಕ್ಷಿಣದಲ್ಲಿ, ಮೊರಾಕ್ಕೊ ಗಡಿಯ ಸಮೀಪದ ಬೆನಿ ಅಬ್ಬೆಸ್ ಎಂಬ ಖರ್ಜೂರದ ತೋಪಿನ ಊರಿಗೆ ಬಂದರು. ಮಣ್ಣಿನಿಟ್ಟಿಗೆ ಮತ್ತು ಖರ್ಜೂರದ ತೊಲೆಗಳಿಂದ ಚಿಕ್ಕ ಗುಡಿಯನ್ನೂ ಕೆಲವು ಕೋಣೆಗಳನ್ನೂ ಕಟ್ಟಿದರು. ಅದನ್ನು ಮಠವೆಂದು ಕರೆಯದೆ ಸೋದರರ ಮನೆಯೆಂದು ಕರೆದರು. ಬಿಳಿಯ ನಿಲುವಂಗಿ, ಎದೆಯ ಮೇಲೆ ಕೆಂಪು ಬಟ್ಟೆಯ ಹೃದಯ, ಅದರ ಮೇಲೊಂದು ಶಿಲುಬೆ. ಇದು ಅವರ ಉಡುಗೆ. ಮುಸಲ್ಮಾನರು, ಯೆಹೂದ್ಯರು, ಕ್ರೈಸ್ತರು, ಏನನ್ನೂ ನಂಬದವರು ಎಲ್ಲರೂ ತಮ್ಮನ್ನು ಸೋದರನೆಂದು ಎಣಿಸುವಂತಾಗಬೇಕೆಂಬುದು ಅವರ ಹಂಬಲ. ಮುಂಜಾನೆಯಿಂದ ಕತ್ತಲಾಗುವವರೆಗೆ ಬಡವರು, ರೋಗಿಗಳು, ದಾರಿಹೋಕರು, ಫ್ರೆಂಚ್ ಸೈನಿಕರು, ಗುಲಾಮರು ಬಾಗಿಲು ತಟ್ಟುತ್ತಲೇ ಇರುತ್ತಿದ್ದರು.

ಗುಲಾಮರ ಸ್ಥಿತಿಯನ್ನು ಕಂಡು ಅವರ ಕರುಳು ಹಿಂಡಿತು. ಫ್ರಾನ್ಸ್ ತನ್ನ ವಸಾಹತುಗಳಲ್ಲಿ 1848ರಲ್ಲಿಯೇ ಗುಲಾಮಗಿರಿಯನ್ನು ರದ್ದುಮಾಡಿದ್ದರೂ ಸಹಾರಾದಲ್ಲಿ ಅಧಿಕಾರಿಗಳು ಅದನ್ನು ಕಂಡೂ ಕಾಣದಂತಿದ್ದರು. ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವಗಳೆಂದು ಗೋಡೆಗೋಡೆಯ ಮೇಲೆ ಬರೆಯುವ ಸರಕಾರವೇ ಮನುಷ್ಯರ ಮಾರಾಟಕ್ಕೆ ಕಣ್ಣುಮುಚ್ಚಿಕೊಂಡದ್ದನ್ನು ಅವರು ಪತ್ರಗಳಲ್ಲಿ ಕಟುವಾಗಿ ಖಂಡಿಸಿದರು. ಬಂಧುಗಳಿಂದ ಬಂದ ಹಣದಲ್ಲಿ ಕೆಲವು ಗುಲಾಮರನ್ನು ಕೊಂಡು ಬಿಡುಗಡೆ ಮಾಡಿದರು. ಸಹಾರಾ ಪ್ರಾಂತದ ಧಾರ್ಮಿಕ ಅಧಿಕಾರಿಗಳಾದ ಗೆರೆನ್ ಅವರು ಸಂಯಮದಿಂದಿರಲು ಹೇಳಿದಾಗ ವಿಧೇಯರಾದರು. ಆದರೆ ಅನ್ಯಾಯದ ಮುಂದೆ ಕುರುಬರು ಮೂಕರಾಗಬಾರದೆಂಬ ತಮ್ಮ ಮನದಾಳದ ಮಾತನ್ನು ಅವರ ಮುಂದೆ ಮುಚ್ಚಿಡಲಿಲ್ಲ.

ಬರಿಗೈಯಾದಾಗ ದೊರೆತ ಸ್ನೇಹ

ಇನ್ನೂ ದಕ್ಷಿಣಕ್ಕೆ, ಹೊಗ್ಗಾರ್ ಬೆಟ್ಟಗಳಲ್ಲಿ, ತುವಾರೆಗ್ ಎಂಬ ಮುಸಲ್ಮಾನ ಅಲೆಮಾರಿ ಜನ ವಾಸಿಸುತ್ತಿದ್ದರು. ಗಂಡಸರು ಮುಖಕ್ಕೆ ಮುಸುಕು ಹಾಕುವುದು ಅವರ ಪದ್ಧತಿ. ಅವರ ನಾಯಕ ಮೂಸಾ ಅಗ್ ಅಮಸ್ತಾನನ ಒಪ್ಪಿಗೆ ಪಡೆದು ಚಾರ್ಲ್ಸರು 1905ರ ಆಗಸ್ಟ್ ತಿಂಗಳಲ್ಲಿ ಅವರ ತಮನ್ರಾಸೆತ್ ಎಂಬ ಹಳ್ಳಿಗೆ ಬಂದು ನೆಲೆಸಿದರು. ಆಗ ಅಲ್ಲಿದ್ದುದು ಸುಮಾರು 20 ಗುಡಿಸಲುಗಳು. ಸುತ್ತಲೂ ನೂರಾರು ಮೈಲಿಗಳವರೆಗೆ ಬೇರೊಬ್ಬ ಗುರುವಿರಲಿಲ್ಲ. ಬಲಿಪೂಜೆಗೆ ಒಬ್ಬ ಕ್ರೈಸ್ತನಾದರೂ ಜೊತೆಗಿರಬೇಕೆಂಬುದು ಅಂದಿನ ನಿಯಮ. ಹಾಗಾಗಿ 1907ರ ಕ್ರಿಸ್ತಜಯಂತಿಯ ದಿನ, ಯಾವ ಕ್ರೈಸ್ತನೂ ಆ ಕಡೆ ಬಾರದಿದ್ದುದರಿಂದ, ಅವರಿಗೆ ಬಲಿಪೂಜೆಯನ್ನೂ ಅರ್ಪಿಸಲಾಗಲಿಲ್ಲ. ಒಬ್ಬಂಟಿ ಯಾಜಕನಿಗೆ ಇದಕ್ಕಿಂತ ಕಠಿಣವಾದ ಹಬ್ಬ ಇನ್ನಾವುದಿದ್ದೀತು?

ಆ ವರ್ಷ ನಾಡಿನಲ್ಲಿ ಘೋರ ಕ್ಷಾಮ. ಕೈಯಲ್ಲಿದ್ದ ಧಾನ್ಯವನ್ನೆಲ್ಲ ಮಕ್ಕಳಿಗೆ ಹಂಚಿದ ಚಾರ್ಲ್ಸರು 1908ರ ಜನವರಿಯಲ್ಲಿ ಹಾಸಿಗೆ ಹಿಡಿದರು. ಏಳಲಾರದಷ್ಟು ನಿತ್ರಾಣ, ಸಾವು ಸಮೀಪಿಸಿತೆಂದೇ ಭಾವಿಸಿದರು. ಆಗ ತುವಾರೆಗ್ ಜನ, ತಮಗೇ ಹೊಟ್ಟೆಗಿಲ್ಲದ ಆ ಬರದಲ್ಲಿ, ಸುತ್ತಮುತ್ತಲ ಪ್ರದೇಶವನ್ನೆಲ್ಲ ಹುಡುಕಿ, ಹಾಲು ಕೊಡುವ ಆಡುಗಳಿಂದ ತೊಟ್ಟು ತೊಟ್ಟಾಗಿ ಹಾಲು ಕೂಡಿಸಿ ತಂದು ಅವರಿಗೆ ಕುಡಿಸಿದರು. ಅವರು ಬದುಕಿಕೊಂಡರು. ಒಬ್ಬರೇ ಬಲಿಪೂಜೆ ಅರ್ಪಿಸಬಹುದೆಂಬ ರೋಮಿನ ಅನುಮತಿಯೂ ಅದೇ ತಿಂಗಳ ಕೊನೆಯಲ್ಲಿ ಅವರ ಕೈಸೇರಿತು.

ಈ ಘಟನೆ ಅವರ ಬಾಳಿನ ದಿಕ್ಕನ್ನೇ ತಿದ್ದಿತೆನ್ನಬೇಕು. ಅದುವರೆಗೆ ಅವರು ಕೊಡುವವರು, ತುವಾರೆಗರು ಪಡೆಯುವವರು. ಈಗ ಅವರು ಬರಿಗೈಯವರಾಗಿ ಮಲಗಿದ್ದಾಗ ಮುಸಲ್ಮಾನ ಬಡವರು ಅವರಿಗೆ ಪ್ರಾಣದಾನ ಮಾಡಿದರು. ಕೊಡುವುದು ಸುಲಭ, ಪಡೆಯಲು ತಗ್ಗಬೇಕು. ಸ್ನೇಹ ನಿಜವಾಗುವುದು ಎರಡೂ ಕೈಗಳು ಕೊಟ್ಟು ಪಡೆದಾಗಲೇ. ಮೊದಮೊದಲು ಈ ಜನರ ಮತಾಂತರದ ಯೋಜನೆಗಳನ್ನೇ ಕಾಗದದ ಮೇಲೆ ಬರೆಯುತ್ತಿದ್ದ ಚಾರ್ಲ್ಸರು, ತಾವಿಲ್ಲಿರುವುದು ತುವಾರೆಗರನ್ನು ಒಮ್ಮೆಗೇ ಕ್ರೈಸ್ತರನ್ನಾಗಿ ಮಾಡುವುದಕ್ಕಲ್ಲ, ಅವರನ್ನು ಅರಿತುಕೊಳ್ಳುವುದಕ್ಕೆ ಎಂದು ಪ್ರೊಟೆಸ್ಟೆಂಟ್ ಪಂಥದ ಸೈನ್ಯದ ವೈದ್ಯರೊಬ್ಬರಿಗೆ ಹೇಳಿದರಂತೆ. ಒಳ್ಳೆಯವರೂ ಪ್ರಾಮಾಣಿಕರೂ ಆದವರನ್ನು ದೇವರು ಸ್ವರ್ಗಕ್ಕೆ ಬರಮಾಡಿಕೊಳ್ಳುವನೆಂಬ ಭರವಸೆಯನ್ನೂ ವ್ಯಕ್ತಪಡಿಸಿದರಂತೆ. ಕ್ರಿಸ್ತರನ್ನು ಸಾರುವ ಆಸೆಯನ್ನು ಅವರು ಬಿಡಲಿಲ್ಲ. ಆದರೆ ಬಾಯಿಂದಲ್ಲ, ಬಾಳಿನಿಂದ ಸಾರಬೇಕೆಂದು ಕಂಡುಕೊಂಡರು. ತಮ್ಮ ಒಳ್ಳೆಯತನವನ್ನು ಕಂಡ ಜನ, ಸೇವಕನೇ ಹೀಗಿದ್ದರೆ ಇವನ ಒಡೆಯ ಇನ್ನೆಂಥವನಿರಬೇಕು ಎಂದುಕೊಳ್ಳಬೇಕು. ಅವರ ಬಯಕೆ ಅಷ್ಟೇ ಆಗಿತ್ತು.

ಅರಿತುಕೊಳ್ಳುವುದೆಂಬುದು ಅವರಿಗೆ ಬರಿಯ ಮಾತಾಗಿರಲಿಲ್ಲ, ದಿನಕ್ಕೆ ಹತ್ತು ಹನ್ನೊಂದು ಗಂಟೆಗಳ ದುಡಿಮೆಯಾಗಿತ್ತು. ತುವಾರೆಗ್ ಭಾಷೆಯನ್ನು ಕಲಿತು, ಹೆಂಗಸರೂ ಮುದುಕರೂ ಹೇಳುವ ಹಾಡುಗಳನ್ನು ಬರೆದುಕೊಂಡರು. ಸುಮಾರು 6000 ಪಂಕ್ತಿಗಳಷ್ಟು ಕಾವ್ಯವನ್ನು ಕೂಡಿಹಾಕಿ ಅನುವಾದಿಸಿದರು. ಅವರು ರಚಿಸಿದ ತುವಾರೆಗ್ ಫ್ರೆಂಚ್ ನಿಘಂಟು ಅವರ ಮರಣಾನಂತರ, 1951 ಮತ್ತು 1952ರಲ್ಲಿ, ನಾಲ್ಕು ಸಂಪುಟಗಳಾಗಿ ಪ್ರಕಟವಾಯಿತು. ಆ ಭಾಷೆಯ ವಿದ್ವಾಂಸರು ಇಂದಿಗೂ ಅದನ್ನು ಆಶ್ರಯಿಸುತ್ತಾರೆ. ನಮ್ಮ ನಾಡಿನಲ್ಲಿ ರೆವರೆಂಡ್ ಕಿಟ್ಟೆಲರ ನಿಘಂಟನ್ನು ಬಳಸಿದ ಕನ್ನಡಿಗರಿಗೆ, ಹೊರಗಿನಿಂದ ಬಂದವರೊಬ್ಬರು ಒಂದು ಜನರ ನುಡಿಗೆ ಸಲ್ಲಿಸುವ ಇಂಥ ಸೇವೆಯ ಬೆಲೆ ಚೆನ್ನಾಗಿ ತಿಳಿದಿದೆ. 1913ರಲ್ಲಿ ಊಕ್ಸೆಮ್ ಎಂಬ ತುವಾರೆಗ್ ಯುವಕನನ್ನು ಫ್ರಾನ್ಸಿಗೆ ಕರೆದೊಯ್ದು, ತಮ್ಮ ತಂಗಿಯ ಮನೆಯಲ್ಲಿಯೂ ಬಂಧುಗಳ ಮನೆಗಳಲ್ಲಿಯೂ ಅತಿಥಿಯಾಗಿ ಇರಿಸಿದರು. ತಮ್ಮ ನಾಡಿನವರು ಮುಸಲ್ಮಾನನೊಬ್ಬನನ್ನು ಮನೆಮಗನಂತೆ ಕಾಣುವುದು ಸಾಧ್ಯವೆಂದು ಅವನಿಗೂ ಅವರಿಗೂ ತೋರಿಸಿಕೊಟ್ಟರು.

ಸಂತರೂ ತಮ್ಮ ಕಾಲದ ಮನುಷ್ಯರೇ ಎಂಬುದನ್ನು ನಾವು ಮರೆಯಬಾರದು. ಚಾರ್ಲ್ಸರು ಫ್ರೆಂಚ್ ಆಳ್ವಿಕೆಯನ್ನು ಒಪ್ಪಿಕೊಂಡವರು, ಸೈನ್ಯಾಧಿಕಾರಿಗಳ ಗೆಳೆಯರಾಗಿದ್ದವರು, ಅವರಿಗೆ ಸಲಹೆಯನ್ನೂ ಸುದ್ದಿಯನ್ನೂ ಕೊಡುತ್ತಿದ್ದವರು. ಇಸ್ಲಾಂ ಧರ್ಮದ ಬಗ್ಗೆ ಅವರು ಬರೆದ ಕೆಲವು ಮಾತುಗಳನ್ನು ಇಂದು ಧರ್ಮಸಭೆ ಆಡಲಾರದು. ಪರರ ಆಳ್ವಿಕೆಯನ್ನು ಕಂಡುಂಡ ಭಾರತೀಯರಾದ ನಮಗೆ ಇದು ಕಸಿವಿಸಿ ಉಂಟುಮಾಡುವುದು ಸಹಜ. ಆದರೆ ಆಳುವವರ ನಾಡಿನಿಂದ ಬಂದರೂ ಅವರು ಆಳುವವರಂತೆ ಬಾಳಲಿಲ್ಲ. ತಮ್ಮ ಜನರು ಅಲ್ಜೀರಿಯಾದಲ್ಲಿ ಲಾಭವನ್ನು ಮಾತ್ರ ನೋಡಿ ಅಲ್ಲಿನವರನ್ನು ಅಲಕ್ಷ್ಯಮಾಡಿದ್ದಕ್ಕಾಗಿ ಅವರು ನೊಂದರು. ಹೀಗೆಯೇ ನಡೆದರೆ ಆ ನಾಡು ಒಂದು ದಿನ ಫ್ರೆಂಚರನ್ನು ಹೊರಗಟ್ಟುವುದೆಂದು 1916ರಲ್ಲಿಯೇ ಎಚ್ಚರಿಸಿದರು. 1962ರಲ್ಲಿ ಅಲ್ಜೀರಿಯಾ ಸ್ವತಂತ್ರವಾಯಿತು.

ನೆಲಕ್ಕೆ ಬಿದ್ದ ಕಾಳು

ಮೊದಲನೆಯ ಮಹಾಯುದ್ಧದ ಬೆಂಕಿ ಮರಳುಗಾಡನ್ನೂ ಮುಟ್ಟಿತು. ಫ್ರೆಂಚರ ವಿರುದ್ಧ ಹೋರಾಡುತ್ತಿದ್ದ ಸೆನೂಸಿ ಪಂಥದ ದಳಗಳು ಸಹಾರಾದಲ್ಲಿ ಸಂಚರಿಸತೊಡಗಿದವು. ದಾಳಿಯಾದರೆ ಬಡಜನಕ್ಕೆ ಆಸರೆಯಾಗಲೆಂದು ಚಾರ್ಲ್ಸರು ತಮನ್ರಾಸೆತ್ತಿನಲ್ಲಿ ಚಿಕ್ಕದೊಂದು ಕೋಟೆಮನೆಯನ್ನು ಕಟ್ಟಿಸಿ ಅಲ್ಲಿ ವಾಸಿಸುತ್ತಿದ್ದರು. ಸುರಕ್ಷಿತ ಸ್ಥಳಕ್ಕೆ ಹೋಗಬಹುದಾಗಿದ್ದರೂ ಹೋಗಲಿಲ್ಲ. 1916ರ ಡಿಸೆಂಬರ್ 1ರ ಸಂಜೆ, ಅವರಿಂದ ಉಪಕಾರ ಪಡೆದಿದ್ದ ಎಲ್ ಮದನಿ ಎಂಬವನು ಬಾಗಿಲು ತಟ್ಟಿ ಅಂಚೆ ಬಂದಿದೆಯೆಂದು ಕರೆದನು. ಬಾಗಿಲು ತೆರೆದು ಕೈಚಾಚಿದ ಕೂಡಲೇ ಅಡಗಿದ್ದವರು ಅವರನ್ನು ಹೊರಗೆಳೆದು ಕೈಕಾಲು ಕಟ್ಟಿದರು. ಮಂಡಿಯೂರಿದ ಅವರು ಮೌನವಾಗಿದ್ದರು. ಅಷ್ಟರಲ್ಲಿ ಒಂಟೆಯ ಮೇಲೆ ಬಂದ ಇಬ್ಬರು ಸೈನಿಕರನ್ನು ಕಂಡು ಗಲಿಬಿಲಿಗೊಂಡ ಹದಿನೈದು ವರ್ಷದ ಕಾವಲು ಹುಡುಗನು ಗುಂಡುಹಾರಿಸಿದನು. ಐವತ್ತೆಂಟು ವರ್ಷದ ಚಾರ್ಲ್ಸರು ಸದ್ದಿಲ್ಲದೆ ಒರಗಿದರು. ಆ ಸೈನಿಕರೂ ಹತರಾದರು. ಕೆಲವು ವಾರಗಳ ತರುವಾಯ ಅಲ್ಲಿಗೆ ಬಂದ ಫ್ರೆಂಚ್ ಅಧಿಕಾರಿಗೆ, ಕೊಳ್ಳೆಹೊಡೆದವರು ಎಸೆದುಹೋಗಿದ್ದ ಪರಮಪ್ರಸಾದದ ಪಾತ್ರೆ ಮರಳಿನಲ್ಲಿ ಸಿಕ್ಕಿತು.

ನಾಯಕ ಮೂಸಾ ಈ ಸುದ್ದಿ ಕೇಳಿ ಕಣ್ಣೀರಿಟ್ಟನು. ಚಾರ್ಲ್ಸರ ತಂಗಿಗೆ ಪತ್ರ ಬರೆದು, ಅವರು ಸತ್ತದ್ದು ನಿಮ್ಮ ಪಾಲಿಗೆ ಮಾತ್ರವಲ್ಲ, ನಮ್ಮೆಲ್ಲರ ಪಾಲಿಗೂ ಎಂಬ ಅರ್ಥದ ಮಾತುಗಳಿಂದ ಸಂತೈಸಿದನು. ಸ್ವರ್ಗದಲ್ಲಿ ಅವರನ್ನು ಮರಳಿ ಕಾಣುವ ಆಸೆಯನ್ನೂ ಹೇಳಿಕೊಂಡನು. ಕ್ರೈಸ್ತ ಯಾಜಕರೊಬ್ಬರಿಗಾಗಿ ಮುಸಲ್ಮಾನ ನಾಯಕನೊಬ್ಬ ದೇವರ ಕರುಣೆಯನ್ನು ಬೇಡಿದ ಆ ಪತ್ರಕ್ಕಿಂತ ದೊಡ್ಡ ಸ್ಮಾರಕ ಬೇಕಿಲ್ಲ.

ತಡವಾಗಿ ಬಂದ ಸುಗ್ಗಿ

ಸಾಯುವಾಗ ಅವರಿಗೆ ಶಿಷ್ಯರಿರಲಿಲ್ಲ. ಅವರು ಬರೆದಿಟ್ಟಿದ್ದ ಸನ್ಯಾಸ ನಿಯಮಗಳನ್ನು ಪಾಲಿಸುವವರಿರಲಿಲ್ಲ. ಆದರೆ 1921ರಲ್ಲಿ ರೆನೆ ಬಜೆನ್ ಎಂಬ ಸಾಹಿತಿ ಬರೆದ ಅವರ ಚರಿತ್ರೆ ಅನೇಕರ ಮನಸ್ಸನ್ನು ಸೆಳೆಯಿತು. 1933ರಲ್ಲಿ ರೆನೆ ವೊಯೋಮ್ ಎಂಬ ಗುರುಗಳೂ ಸಂಗಡಿಗರೂ ಯೇಸುವಿನ ಕಿರಿಯ ಸೋದರರ ಸಭೆಯನ್ನು ಮರಳುಗಾಡಿನ ಅಂಚಿನಲ್ಲಿ ಆರಂಭಿಸಿದರು. 1939ರಲ್ಲಿ ಮ್ಯಾಗ್ದಲೆನ್ ಉಟೆನ್ ಎಂಬ ಸೋದರಿ ಯೇಸುವಿನ ಕಿರಿಯ ಸೋದರಿಯರ ಸಭೆಯನ್ನು ಸ್ಥಾಪಿಸಿದರು. ಇವರು ದೊಡ್ಡ ಸಂಸ್ಥೆಗಳನ್ನು ಕಟ್ಟುವುದಿಲ್ಲ. ಕೂಲಿಕಾರರ, ಅಲೆಮಾರಿಗಳ ನಡುವೆ ದುಡಿದು ಉಣ್ಣುತ್ತ, ಪರಮಪ್ರಸಾದದ ಮುಂದೆ ಪ್ರಾರ್ಥಿಸುತ್ತ ಬಾಳುತ್ತಾರೆ. ಚಾರ್ಲ್ಸರ ಕಿರಿಯ ಸ್ನೇಹಿತರೂ ಮಹಾ ವಿದ್ವಾಂಸರೂ ಆಗಿದ್ದ ಲೂಯಿ ಮಾಸಿನ್ಯೋನ್ ತಮ್ಮ ಬಾಳನ್ನೆಲ್ಲ ಕ್ರೈಸ್ತರಿಗೆ ಇಸ್ಲಾಮಿನ ಅಂತರಂಗವನ್ನು ಪರಿಚಯಿಸುವುದಕ್ಕೆ ಮೀಸಲಿಟ್ಟರು. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯು ಏಕದೇವರನ್ನು ಆರಾಧಿಸುವ ಮುಸಲ್ಮಾನರನ್ನು ಗೌರವದಿಂದ ಕಾಣುವುದಾಗಿ ಸಾರಿ, ಹಿಂದಿನ ವೈಷಮ್ಯವನ್ನು ಮರೆತು ಪರಸ್ಪರ ಅರಿತುಕೊಳ್ಳಲು ಕರೆಕೊಟ್ಟಿತು. ಆ ಹಾದಿಯನ್ನು ಒಬ್ಬಂಟಿಯಾಗಿ ತುಳಿದವರಲ್ಲಿ ಚಾರ್ಲ್ಸರೂ ಒಬ್ಬರು.

2005ರ ನವೆಂಬರ್ 13ರಂದು ರೋಮಿನಲ್ಲಿ ಅವರನ್ನು ಪುನೀತರೆಂದು ಸಾರಲಾಯಿತು. 2016ರ ನವೆಂಬರ್ 30ರಂದು, ಅವರ ಮರಣದ ಶತಮಾನೋತ್ಸವದ ಮುನ್ನಾದಿನ, ಸೋಮ್ಯೂರಿನಲ್ಲಿ ಗುಡಿಯೊಂದರ ಚಾವಣಿಯಿಂದ ಯುವ ಬಡಗಿಯೊಬ್ಬ ಸುಮಾರು 15 ಮೀಟರ್ ಕೆಳಗೆ ಪೀಠದ ಮೇಲೆ ಬಿದ್ದನು. ಚಾರ್ಲ್ಸರ ಹೆಸರನ್ನೇ ಹೊತ್ತಿದ್ದ ಅಲ್ಲಿಯ ಧರ್ಮಕೇಂದ್ರದ ಜನ ಅವರ ಮಧ್ಯಸ್ಥಿಕೆಯನ್ನು ಬೇಡಿದರು. ಹೊಟ್ಟೆಗೆ ಮರ ಚುಚ್ಚಿಕೊಂಡಿದ್ದ ಯುವಕ ಪೂರ್ತಿ ಗುಣವಾದನು. ಧರ್ಮಸಭೆ ಇದನ್ನು ಪವಾಡವೆಂದು ಅಂಗೀಕರಿಸಿತು. ಒಂದಾನೊಂದು ಕಾಲದಲ್ಲಿ ಅವರು ಭೋಗದಲ್ಲಿ ಮುಳುಗಿದ್ದ ಊರೇ ಅವರ ಪಾವಿತ್ರ್ಯಕ್ಕೆ ಸಾಕ್ಷಿಯಾಯಿತು! 2022ರಲ್ಲಿ ಅಂದಿನ ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದ ಅದೇ ಬಲಿಪೂಜೆಯಲ್ಲಿ ನಮ್ಮ ಭಾರತದ ದೇವಸಹಾಯಂ ಪಿಳ್ಳೆಯವರೂ ಸಂತರೆನಿಸಿದರು. ತಿರುವಾಂಕೂರಿನಲ್ಲಿ 1752ರಲ್ಲಿ ಗುಂಡೇಟಿಗೆ ಪ್ರಾಣತೆತ್ತ ಗೃಹಸ್ಥರಾದ ಅವರು ಒಂದು ಕಡೆ, ಸಹಾರಾದಲ್ಲಿ ಗುಂಡೇಟಿಗೆ ಒರಗಿದ ಯಾಜಕರು ಇನ್ನೊಂದು ಕಡೆ. ಇಬ್ಬರ ಹೆಸರೂ ಒಂದೇ ದಿನ ಒಂದೇ ಪಟ್ಟಿಗೆ ಸೇರಿದವು.

ಇಂದು ಪ್ಯಾರಿಸಿನಲ್ಲಿ, ಯೂರೋಪಿನ ಬೇರೆ ನಗರಗಳಲ್ಲಿ, ದೇವಾಲಯಗಳು ಬರಿದಾಗುತ್ತಿರುವಾಗ ಪಕ್ಕದ ಮನೆಯ ಮುಸಲ್ಮಾನ ಕೂಲಿಕಾರ ನಮಾಜು ಮಾಡುತ್ತಿದ್ದಾನೆ. ಅದನ್ನು ಕಂಡು ಕೆಲವರು ಹೆದರುತ್ತಾರೆ, ಕೆಲವರು ಹಗೆ ಕಟ್ಟಿಕೊಳ್ಳುತ್ತಾರೆ. ಚಾರ್ಲ್ಸರು ತಮ್ಮನ್ನೇ ಪ್ರಶ್ನಿಸಿಕೊಂಡರು. ನೆರೆಯವನ ಪ್ರಾರ್ಥನೆಗೆ ತಕ್ಕ ಉತ್ತರ ಭಯವಲ್ಲ, ನಮ್ಮದೇ ಪ್ರಾರ್ಥನೆ. ಅವನ ವಿಶ್ವಾಸಕ್ಕೆ ತಕ್ಕ ಉತ್ತರ ದ್ವೇಷವಲ್ಲ, ಪ್ರೀತಿಯಾಗಿ ಅರಳಿದ ನಮ್ಮ ವಿಶ್ವಾಸ. ತಲೆತಲಾಂತರದಿಂದ ಮುಸಲ್ಮಾನರೊಡನೆ ಒಂದೇ ಬೀದಿಯಲ್ಲಿ ಬಾಳುತ್ತ ಬಂದಿರುವ ನಮಗೆ ಇದು ದೂರದ ಪಾಠವಲ್ಲ. ಬಾಂಗಿನ ಕರೆಯೂ ನಮ್ಮ ಗಂಟೆಯ ಸದ್ದೂ ಒಂದೇ ಗಾಳಿಯಲ್ಲಿ ಬೆರೆಯುವ ಊರುಗಳಲ್ಲಿ ನಾವಿದ್ದೇವೆ. ಬಾಂಗು ಕೇಳಿದಾಗ ನಾವಿಂದು ಪ್ರಾರ್ಥಿಸಿದೆವೇ ಎಂದು ನೆನೆಯೋಣ. ನೆರೆಮನೆಯಲ್ಲಿ ಕಾಯಿಲೆಯಿದ್ದರೆ ಹೋಗಿ ವಿಚಾರಿಸೋಣ. ನಮ್ಮ ಕಷ್ಟದಲ್ಲಿ ಅವರು ಹಾಲಿನ ಬಟ್ಟಲು ಹಿಡಿದು ಬಂದರೆ ವಿನಯದಿಂದ ಸ್ವೀಕರಿಸೋಣ.

ನಮ್ಮ ದೇವಾಲಯದ ಎರಡನೆಯ ಶತಮಾನದ ದಾಖಲೆ ಪುಸ್ತಕ ಈಗ ತೆರೆಯುತ್ತಿದೆ. ಅದರಲ್ಲಿ ಹೆಸರುಗಳೂ ಸಂಖ್ಯೆಗಳೂ ತುಂಬಲಿ. ಆದರೆ ಯಾವ ಪುಸ್ತಕದಲ್ಲಿಯೂ ಬರೆಯಲಾಗದ ಸ್ನೇಹಗಳು, ಕ್ಷಮೆಗಳು, ಗುಟ್ಟಾಗಿ ಸಲ್ಲಿಸಿದ ಸೇವೆಗಳು ಅದಕ್ಕಿಂತ ಹೆಚ್ಚಾಗಲಿ. ಸರ್ವರ ಸೋದರರಾದ ಸಂತ ಚಾರ್ಲ್ಸ್ ದ ಫೂಕೋ ಅವರೇ, ನಮಗಾಗಿಯೂ ನಮ್ಮ ನೆರೆಹೊರೆಯವರೆಲ್ಲರಿಗಾಗಿಯೂ ಪ್ರಾರ್ಥಿಸಿರಿ.